ಡೆಹ್ರಾಡೂನಿನ ಚಳಿಯಲ್ಲಿ ಶಂಕರಪುರದ ಮಲ್ಲಿಗೆ

ಪ್ರಶ್ನೆ (ಉಡುಪಿ): ನಮಸ್ಕಾರ ಮೇಡಂ. ಡೆಹ್ರಾಡೂನಿನಲ್ಲಿರುವ ಮಗಳು ಇಲ್ಲಿಂದ ಒಯ್ದ ಶಂಕರಪುರ ಮಲ್ಲಿಗೆಯನ್ನೂ ಒಂದು ದಾಸವಾಳವನ್ನೂ ಅಂಗಳದ ನೆಲದಲ್ಲಿಯೇ ನೆಟ್ಟಿದ್ದಾಳೆ. ಕಳೆದ ಜನವರಿಯಲ್ಲಿ ರಾತ್ರಿ ಪ್ಲಾಸ್ಟಿಕ್ ಹಾಳೆ ಸುತ್ತಿದ್ದರೂ ಎಲೆಗಳು ಸುಟ್ಟಂತೆ ಕಪ್ಪಾದವು. ಈ ಬಾರಿ ಏನು ಮಾಡಬೇಕು?

ಉತ್ತರ (ತೋಟಗಾರಿಕೆ ತಜ್ಞೆ, ಮಂಗಳೂರು): ನಮ್ಮ ಕರಾವಳಿಯಲ್ಲಿ ಬೆಳೆದ ಗಿಡಕ್ಕೆ ಇಬ್ಬನಿ ಹೆಪ್ಪುಗಟ್ಟುವ ಚಳಿಯ ಪರಿಚಯವೇ ಇಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ನೆಲದ ಕಾವು ಆಕಾಶಕ್ಕೆ ಹೋಗಿಬಿಡುವುದರಿಂದ, ಉಷ್ಣಮಾಪಕವು 3–4 ಡಿಗ್ರಿ ತೋರಿಸುತ್ತಿದ್ದರೂ ಎಲೆಯ ಮೇಲ್ಮೈ ಸೊನ್ನೆಗಿಂತ ಕೆಳಗಿಳಿಯಬಹುದು. ಆಗ ಎಲೆಯೊಳಗಿನ ನೀರು ಹರಳುಗಟ್ಟಿ ಜೀವಕೋಶಗಳು ಒಡೆಯುತ್ತವೆ. ಎಲೆಗೆ ತಾಗಿದ ಪ್ಲಾಸ್ಟಿಕ್ ಚಳಿಯನ್ನು ತಡೆಯುವುದಿಲ್ಲ, ತಾಗಿದ ಕಡೆಯೇ ಹೆಚ್ಚು ಹಾನಿಯಾಗುತ್ತದೆ.

ಗಿಡದ ಸುತ್ತ ನಾಲ್ಕು ಕೋಲು ನೆಟ್ಟು, ಸೂರ್ಯ ಮುಳುಗುವ ಮೊದಲೇ ಹಳೆಯ ಹತ್ತಿಯ ಸೀರೆಯನ್ನೋ ಗೋಣಿಯನ್ನೋ ಎಲೆಗೆ ತಾಗದಂತೆ, ಅಂಚು ನೆಲ ಮುಟ್ಟುವಂತೆ ಹೊದಿಸಲಿ. ಹೊದಿಕೆ ಹಿಡಿದಿಡಬೇಕಾದುದು ಮಣ್ಣಿನಿಂದ ಏಳುವ ಕಾವನ್ನು. ಆದ್ದರಿಂದ ಮೇಲೆ ಮಾತ್ರ ಮುಚ್ಚಿ ಕೆಳಗೆ ತೆರೆದಿಟ್ಟರೆ ಪ್ರಯೋಜನವಿಲ್ಲ. ಬೆಳಿಗ್ಗೆ ಬಿಸಿಲು ಬಂದ ಮೇಲೆ ತೆಗೆಯಲೇಬೇಕು. ಒಣಮಣ್ಣಿಗಿಂತ ತೇವದ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಡುವುದರಿಂದ, ಚಳಿ ಹೆಚ್ಚುವ ಸೂಚನೆ ಕಂಡ ದಿನ ಮಧ್ಯಾಹ್ನವೇ ಬುಡಕ್ಕೆ ನೀರುಣಿಸುವುದು ಒಳ್ಳೆಯದು, ಆದರೆ ನೀರು ನಿಲ್ಲಬಾರದು. ನಾವು ಇಲ್ಲಿ ಬೇಸಿಗೆಗೆ ತರಗೆಲೆ ಹಾಕುವಂತೆ ಅಲ್ಲಿ ಬುಡಕ್ಕೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಹರಡಲಿ. ಕಾಂಡಕ್ಕೆ ಒತ್ತಿಕೊಂಡಿದ್ದರೆ ಕೊಳೆಯುತ್ತದೆ. ಸೆಪ್ಟೆಂಬರಿನ ನಂತರ ಯೂರಿಯಾ ಬೇಡವೇ ಬೇಡ, ಏಕೆಂದರೆ ಅದರಿಂದ ಬರುವ ಎಳೆಚಿಗುರೇ ಮೊದಲು ಬಲಿಯಾಗುತ್ತದೆ.

ಪ್ರಶ್ನೆ: ಕಪ್ಪಾದ ಕೊಂಬೆಗಳನ್ನು ಅವಳು ಆಗಲೇ ಕತ್ತರಿಸಿದ್ದಳು. ಅದು ಸರಿಯೇ?

ಉತ್ತರ: ಅವಸರವಾಯಿತು. ಸತ್ತ ಎಲೆಗಳೂ ಒಳಗಿನ ಕೊಂಬೆಗಳಿಗೆ ಮರೆಯಾಗಿರುತ್ತವೆ. ಕತ್ತರಿಸಿದರೆ ಹೊಸ ಚಿಗುರು ಹೊರಟು ಮುಂದಿನ ಚಳಿಗೆ ಸಿಕ್ಕಿಬೀಳುವ ಅಪಾಯವೂ ಉಂಟು. ಚಳಿಗಾಲ ಪೂರ್ತಿ ಕಳೆದ ಮೇಲೆ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಲಿ, ಹಸಿರು ಕಂಡಲ್ಲಿಯವರೆಗೆ ಕೊಂಬೆ ಬದುಕಿದೆ. ಮೇಲೆಲ್ಲ ಒಣಗಿದ್ದರೂ ಗಿಡ ಕೀಳಬೇಡಿ ಎಂದು ಹೇಳಿ. ಈ ಮಲ್ಲಿಗೆ ಕಡ್ಡಿಯಿಂದ ಬೆಳೆದದ್ದು, ಕಸಿಯದ್ದಲ್ಲ, ಆದ್ದರಿಂದ ಬುಡದಿಂದ ಒಡೆಯುವ ಚಿಗುರೂ ಅದೇ ಮಲ್ಲಿಗೆಯಾಗಿರುತ್ತದೆ.