ಕಡಲ ದಂಡೆಯಲ್ಲಿ ಆರಾಮದ ಸೈಕಲ್ ಸವಾರಿ: ಗಾಳಿ, ಮರಳು, ಉಪ್ಪು

ಪ್ರಶ್ನೆ: ಚಿಕ್ಕ ಕಡಲೂರೊಂದರಲ್ಲಿ ದಂಡೆಯುದ್ದಕ್ಕೂ ಸುಮಾರು 15 ಕಿ.ಮೀ. ನಿಧಾನವಾಗಿ ಸೈಕಲ್ ತುಳಿಯಬೇಕೆಂದಿದ್ದೇನೆ. ಗೇರ್ ಇರುವ ಸಾಧಾರಣ ಸೈಕಲ್, 2 ಇಂಚಿನ ಟೈರು. ಯಾವ ಹೊತ್ತಿಗೆ ಹೊರಡಲಿ? ಮರಳಿನ ಮೇಲೆ ಓಡಿಸಬಹುದೇ? ಉಪ್ಪಿಗೆ ಸೈಕಲ್ ಹಾಳಾಗದಂತೆ ಏನು ಮಾಡಲಿ? ಅನುಭವ ಇದ್ದವರು ತಿಳಿಸಿ.

*

ಮೊದಲು ಗಾಳಿ ನೋಡಿ, ಆಮೇಲೆ ಗಡಿಯಾರ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಗಾಳಿ ಹಗುರಾಗಿ ಮೇಲೆದ್ದ ಜಾಗಕ್ಕೆ ಕಡಲಿನ ತಂಪುಗಾಳಿ ನುಗ್ಗುತ್ತದೆ. ಒಳ್ಳೆಯ ಬಿಸಿಲಿದ್ದ ದಿನ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಶುರುವಾಗಿ ಮಧ್ಯಾಹ್ನ 2ರಿಂದ 4ರ ಹೊತ್ತಿಗೆ ಅದು ಜೋರಾಗಿರುತ್ತದೆ. ಆದ್ದರಿಂದ ಬೆಳಕು ಹರಿದ ಮೇಲಿನ ಎರಡು ಗಂಟೆಯೇ ಸವಾರಿಗೆ ಹದ.

ಗಾಳಿ ದಂಡೆಗುಂಟ ಬೀಸುತ್ತಿದ್ದರೆ ಹೋಗುವಾಗ ಎದುರುಗಾಳಿಯನ್ನೇ ಆರಿಸಿಕೊಳ್ಳಿ. ಬೆನ್ನಿಗೆ ಗಾಳಿ ಇದ್ದಾಗ ಅದು ಇದೆಯೆಂದೇ ತಿಳಿಯುವುದಿಲ್ಲ, ಕಾಲಿಗೆ ಬಲ ಬಂದಂತೆ ಅನಿಸುತ್ತದೆ. ವಾಪಸು ತಿರುಗಿದಾಗ ಲೆಕ್ಕ ತಪ್ಪಿದ್ದು ಗೊತ್ತಾಗುತ್ತದೆ. ಗಾಳಿಯ ದಿಕ್ಕು ತಿಳಿಯಲು ದೋಣಿಗಳನ್ನು ನೋಡಿ: ಲಂಗರು ಹಾಕಿದ ದೋಣಿಯ ಮೂತಿ ಸಾಮಾನ್ಯವಾಗಿ ಗಾಳಿಗೆ ಎದುರಾಗಿರುತ್ತದೆ. ನೀರಿನ ಸೆಳೆತ ಜೋರಿದ್ದರೆ ಮಾತ್ರ ಅದು ಸೆಳೆತದ ಕಡೆ ತಿರುಗಿರುತ್ತದೆ, ಹಾಗಾಗಿ ಬಾವುಟ ಕಂಡರೆ ಅದನ್ನೇ ನಂಬಿ. ಗಾಳಿ ನೇರ ಕಡಲಿನಿಂದ ಬಂದರೆ ಪಕ್ಕಕ್ಕೆ ಹೊಡೆಯುತ್ತದೆ. ಕಡಲ ಕಡೆಯ ಗೋಡೆಯ ಮರೆ ಮುಗಿದು ಬಯಲು ಸಿಗುವಲ್ಲಿ ಸೈಕಲ್ ಒಮ್ಮೆಲೆ ಪಕ್ಕಕ್ಕೆ ಸರಿಯುತ್ತದೆ, ಅಂಥಲ್ಲಿ ಎರಡೂ ಕೈ ಹ್ಯಾಂಡಲ್ ಮೇಲಿರಲಿ.

ಗಂಟೆಗೆ 10ರಿಂದ 12 ಕಿ.ಮೀ. ವೇಗ ಸಾಕು. ನಿಂತು ನೋಡುವುದೂ ಸೇರಿ ಎರಡು ಗಂಟೆ ಇಟ್ಟುಕೊಳ್ಳಿ. ಗಾಳಿಗೆ ಬೆವರು ಆಗಾಗಲೇ ಆರುವುದರಿಂದ ದಾಹ ತಡವಾಗಿ ಗೊತ್ತಾಗುತ್ತದೆ. ಒಂದು ಲೀಟರ್ ನೀರು ಜೊತೆಗಿರಲಿ, ಬಾಯಾರುವ ಮುಂಚೆಯೇ ಗುಟುಕು ಗುಟುಕಾಗಿ ಕುಡಿಯುತ್ತಿರಿ.

*

ಮರಳಿನ ಬಗ್ಗೆ. ಅಲೆ ಆಗಷ್ಟೇ ಬಿಟ್ಟುಹೋದ, ಕಾಲಿಟ್ಟರೆ ಹೆಜ್ಜೆ ಆಳಕ್ಕೆ ಇಳಿಯದ ಒದ್ದೆ ಮರಳು ಮಾತ್ರ ಓಡಿಸಲು ಯೋಗ್ಯ. ಅದು ಅಗಲವಾಗಿ ಸಿಗುವುದು ಇಳಿತದ ಹೊತ್ತಿನಲ್ಲಿ. ಬಹಳಷ್ಟು ಕರಾವಳಿಗಳಲ್ಲಿ ಇಳಿತ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಇವತ್ತು ಏಳಕ್ಕಿದ್ದರೆ ನಾಳೆ ಎಂಟರ ಹತ್ತಿರ. ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ಮರಳಿಗಿಳಿದರೆ ನೀರು ಏರುವಷ್ಟರಲ್ಲಿ ರಸ್ತೆಗೆ ಬಂದಿರಬಹುದು.

2 ಇಂಚಿನ ಟೈರಿಗೆ ಗಾಳಿಯ ಒತ್ತಡ ಟಾರು ರಸ್ತೆಯಲ್ಲಿ 35ರಿಂದ 45 ಪಿಎಸ್‌ಐ (ಒತ್ತಡದ ಅಳತೆ), ಮರಳಿನಲ್ಲಿ 20ರ ಆಸುಪಾಸು. ರಸ್ತೆಗೆ ಬಂದ ಕೂಡಲೇ ಮತ್ತೆ ಗಾಳಿ ಹೊಡೆಯಿರಿ. ಮೆತ್ತಗಿನ ಟೈರಿನಲ್ಲಿ ಪಾದಚಾರಿ ದಾರಿಯ ಅಂಚು ಹತ್ತಿಸಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ.

ನಿಜವಾಗಿ ಬೀಳಿಸುವುದು ರಸ್ತೆಯ ಮೇಲೆ ಗಾಳಿ ತಂದು ಹಾಸಿದ ತೆಳು ಮರಳು. ಅದು ಕಂಡರೆ ಮೊದಲೇ ವೇಗ ಇಳಿಸಿ. ಅದರ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ. ಹಗುರ ಗೇರಿನಲ್ಲಿ ನೇರವಾಗಿ ತುಳಿಯುತ್ತಾ ದಾಟಿ.

*

ಉಪ್ಪಿನ ವಿಷಯ ಇನ್ನೂ ಬಂದಿಲ್ಲ, ಸೈಕಲ್ ಕೆಡುವುದು ಅಲ್ಲೇ. ಮನೆಗೆ ಬಂದ ದಿನವೇ ತೊಳೆಯಿರಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಒಣಗಿದಂತೆ ಕಾಣುವ ಚೈನೂ ತುಕ್ಕು ಹಿಡಿಯುತ್ತಲೇ ಇರುತ್ತದೆ.

ಒಂದು ಬಕೆಟ್ ಸಿಹಿನೀರು, ಮಗ್ಗು, ಎರಡು ಹಳೇ ಬಟ್ಟೆ ಸಾಕು. ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಸುರಿಯಿರಿ. ಜೋರಾದ ಪೈಪಿನ ನೀರನ್ನು ಚಕ್ರದ ನಡುವಿಗೂ ಪೆಡಲ್ ತಿರುಗುವ ಜಾಗಕ್ಕೂ ಹಿಡಿಯಲೇಬೇಡಿ, ಬೇರಿಂಗಿನ ಗ್ರೀಸ್ ಹೋಗಿ ಮರಳು ಒಳಸೇರುತ್ತದೆ. ಚೈನನ್ನು ಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಒರೆಸಿ. ಕಿವಿ ಹತ್ತಿರ ತಂದು ಕೊಂಡಿಗಳನ್ನು ಬೆರಳಲ್ಲಿ ಮಡಚಿ ನೋಡಿ: ಕರಕರ ಎಂದರೆ ಮರಳು ಇನ್ನೂ ಒಳಗಿದೆ, ಇನ್ನೊಮ್ಮೆ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೇ ಹನಿ ಎಣ್ಣೆ, ಹತ್ತು ನಿಮಿಷ ಬಿಟ್ಟು ಹೊರಮೈಯ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಹೊರಗೆ ಉಳಿದ ಎಣ್ಣೆಗೆ ಮರಳಂಟಿ ಚೈನನ್ನೂ ಹಲ್ಲುಚಕ್ರವನ್ನೂ ಅರೆಯುತ್ತದೆ. ಮೇಣದಂಥ ಒಣ ಲ್ಯೂಬ್ ಸಿಕ್ಕರೆ ಮರಳಿಗೆ ಅದೇ ವಾಸಿ, ಆದರೆ ಪ್ರತಿ ತೊಳೆತದ ನಂತರ ಹಾಕಬೇಕು.

ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಸೀಟು ಕಂಬವಿದ್ದರೆ ಉಪ್ಪುನೀರು ಸೇರಿ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಹೊರಗೆಳೆದು ಒರೆಸಿ, ಗ್ರೀಸ್ ಬಳಿದು ಹಾಕಿ. ಕಚ್ಚಿದ ಮೇಲೆ ಬಿಡಿಸುವಾಗ ಫ್ರೇಮೇ ಹಾಳಾದೀತು.

*

ಸಣ್ಣದೊಂದು ಸೇರಿಸುತ್ತೇನೆ. ರಿಮ್ ಬ್ರೇಕ್ ಹಿಡಿದಾಗ ಕರ್ರ್ ಎಂದರೆ ರಬ್ಬರಿನಲ್ಲಿ ಮರಳಿನ ಕಾಳು ಹೂತಿದೆ. ಪಿನ್ನಿನಿಂದ ಕಿತ್ತು, ರಬ್ಬರನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ. ಬಿಟ್ಟರೆ ರಿಮ್ಮಿನಲ್ಲಿ ಗೀರು ಬೀಳುತ್ತದೆ. ಬಂದರಿನ ಬಳಿ ಹಳಿಗಳಿದ್ದರೆ ಅಡ್ಡಡ್ಡ ದಾಟಿ, ಓರೆಯಾಗಿ ಹೋದರೆ ಚಕ್ರ ಸಂದಿಗೆ ಇಳಿಯುತ್ತದೆ. ಬೆಳಗಿನ ಇಬ್ಬನಿಗೆ ಮರದ ಹಲಗೆಯ ದಾರಿ ಪಾಚಿ ಕಟ್ಟಿದಂತೆ ಜಾರುತ್ತದೆ, ಅಲ್ಲಿ ಇಳಿದು ತಳ್ಳುವುದೇ ಒಳ್ಳೆಯದು.

ಒಂದು ಟ್ಯೂಬು, ಟೈರು ಬಿಡಿಸುವ ಎರಡು ಲಿವರ್, ಕೈಪಂಪು ಜೊತೆಗಿರಲಿ. ಮೀನು ಹಿಡಿಯುವವರು ನಿಲ್ಲುವ ಕಡೆ ಗಾಳದ ಮುಳ್ಳು ಬಿದ್ದಿರುತ್ತದೆ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಿ. ಮುಳ್ಳು ಉಳಿದಿದ್ದರೆ ಬಟ್ಟೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬೆರಳೂ ಉಳಿಯುತ್ತದೆ.