ದಾಸೋಹದ ಗ್ಯಾಸು, ಗುಡಿಯ ಕರೆಂಟು: ಮೊದಲು ಯಾವುದಕ್ಕೆ ಕೈ ಹಾಕೋದು?

ಪ್ರಶ್ನೆ (ದೇವಸ್ಥಾನ ಸಮಿತಿ, ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ದಿನಾ ಮಧ್ಯಾಹ್ನ ದಾಸೋಹ ಇದೆ, ಸುಮಾರು 300 ಜನ, ಸೋಮವಾರ 700. ತಿಂಗಳಿಗೆ 19 ಕೆಜಿಯ ಸಿಲಿಂಡರ್ 22 ಬೇಕಾಗುತ್ತೆ. ಜಾತ್ರೆಗೆ ಸೌದೆ ಒಲೆ. ಕರೆಂಟು ತಿಂಗಳಿಗೆ 900 ಯೂನಿಟ್ ಆಸುಪಾಸು. 40 ವ್ಯಾಟಿನ ಹಳೇ ಟ್ಯೂಬ್‌ಲೈಟ್ 24, ರಾತ್ರಿಯಿಡೀ ಉರಿಯುವ 400 ವ್ಯಾಟಿನ ಫ್ಲಡ್‌ಲೈಟ್ ಎರಡು, ಫ್ಯಾನ್ 16, ಬೋರ್‌ವೆಲ್‌ಗೆ 5 ಎಚ್‌ಪಿ ಮೋಟರ್. ಹಿಂದುಗಡೆ ಗೋಶಾಲೆಯಲ್ಲಿ 20 ಹಸು. ದಾನಿಗಳೊಬ್ಬರು 10 ಕಿಲೋವ್ಯಾಟ್ ಸೋಲಾರ್ ಹಾಕಿಸಿಕೊಡ್ತೀನಿ ಅಂದಿದ್ದಾರೆ. ಪರಿಸರಕ್ಕೂ ಒಳ್ಳೇದಾಗಬೇಕು, ಖರ್ಚೂ ಇಳಿಯಬೇಕು. ಎಲ್ಲಿಂದ ಶುರು ಮಾಡೋಣ? ತಿಳಿದವರು ಹೇಳಿ.

ಉತ್ತರ 1 (ಎನರ್ಜಿ ಆಡಿಟ್ ಮಾಡುವವರು)

ಸೋಲಾರ್ ಕಡೆಗೆ ಇರಲಿ ಸರ್. ನಿಮ್ಮ ಲೆಕ್ಕವೇ ನೋಡಿ: ತಿಂಗಳಿಗೆ 418 ಕೆಜಿ ಗ್ಯಾಸು. ಒಂದು ಕೆಜಿ ಎಲ್‌ಪಿಜಿ ಉರಿದರೆ ಹತ್ತಿರ ಹತ್ತಿರ 3 ಕೆಜಿ ಇಂಗಾಲದ ಡೈಆಕ್ಸೈಡ್, ಅಂದರೆ 1,250 ಕೆಜಿ. 900 ಯೂನಿಟ್ ಕರೆಂಟಿಗೆ, ಯೂನಿಟ್ಟಿಗೆ 0.7 ಕೆಜಿ ಹಿಡಿದರೆ, 630 ಕೆಜಿ. ಅಡುಗೆಮನೆಯ ಪಾಲು ದುಪ್ಪಟ್ಟು. ತಿಂಗಳಿಗೆ ನಿಮ್ಮಲ್ಲಿ ಸುಮಾರು 10,600 ಊಟ. ಊಟವೊಂದಕ್ಕೆ 40 ಗ್ರಾಂ ಗ್ಯಾಸು ಬಿತ್ತು. ಅನ್ನ, ಸಾರು, ಪಲ್ಯದ ಅಡುಗೆಗೆ ಇದು ಜಾಸ್ತಿ. ಒಲೆ ಸರಿಯಾಗಿದ್ದರೆ 30ರ ಒಳಗೆ ತರಬಹುದು.

ಕರೆಂಟಿನ 900 ಎಲ್ಲಿ ಹೋಗ್ತಿದೆ ಅಂತಲೂ ಬಿಡಿಸಿ ಹೇಳ್ತೀನಿ. ಫ್ಲಡ್‌ಲೈಟ್ ಒಂದೊಂದೂ ಚೋಕ್ ಸೇರಿ 440 ವ್ಯಾಟ್ ಎಳೆಯುತ್ತೆ. ರಾತ್ರಿ 11 ಗಂಟೆ ಲೆಕ್ಕಕ್ಕೆ ಎರಡರಿಂದ ತಿಂಗಳಿಗೆ 290 ಯೂನಿಟ್. ಟ್ಯೂಬ್‌ಲೈಟ್ ಹಳೇ ಚೋಕ್ ಸೇರಿ 52 ವ್ಯಾಟ್. ದಿನಕ್ಕೆ 6 ಗಂಟೆ ಉರಿದರೆ 24ಕ್ಕೂ ಸೇರಿ 225. ಮೋಟರ್ ದಿನಕ್ಕೆ ಒಂದೂವರೆ ಗಂಟೆ ಓಡಿದರೆ 200, ಫ್ಯಾನ್ 5 ಗಂಟೆ ತಿರುಗಿದರೆ 180. ಎಲ್ಲ ಬದಲಾಯಿಸಬೇಕು ಅಂತ ಹೊರಟವರು ಸಾಮಾನ್ಯವಾಗಿ ಟ್ಯೂಬ್‌ಲೈಟಿನಿಂದ ಶುರು ಮಾಡ್ತಾರೆ. ಆದರೆ ನಿಮ್ಮ ಆ ಎರಡು ಫ್ಲಡ್‌ಲೈಟು 24 ಟ್ಯೂಬ್‌ಲೈಟಿಗಿಂತ ಜಾಸ್ತಿ ತಿನ್ನುತ್ತಿವೆ. ಅವುಗಳ ಜಾಗಕ್ಕೆ 120 ವ್ಯಾಟಿನ ಎಲ್‌ಇಡಿ ಹಾಕಿದರೆ ತಿಂಗಳಿಗೆ 210 ಯೂನಿಟ್ ಉಳಿತಾಯ, ಟ್ಯೂಬಿಗೆ 18 ವ್ಯಾಟಿನ ಎಲ್‌ಇಡಿ ಹಾಕಿದರೆ ಇನ್ನೊಂದು 145. ಹೊರಗಡೆ ಹಾಕುವ ಫಿಟ್ಟಿಂಗ್ ಐಪಿ65 (ಧೂಳು, ನೀರು ಒಳಗೆ ಹೋಗದ ದರ್ಜೆ) ಇರಲಿ, ಸಿಡಿಲಿನ ದಿನಗಳಿಗೆ ಸರ್ಜ್ ಪ್ರೊಟೆಕ್ಷನ್ (ವೋಲ್ಟೇಜ್ ಏಕಾಏಕಿ ಏರಿದರೆ ತಡೆಯುವ ರಕ್ಷಣೆ) ಇರುವುದನ್ನೇ ಕೇಳಿ. ಅಗ್ಗದ್ದು ಒಂದು ಮಳೆಗಾಲಕ್ಕೆ ಡ್ರೈವರ್ (ದೀಪಕ್ಕೆ ಕರೆಂಟ್ ಹೊಂದಿಸಿ ಕೊಡುವ ಒಳಗಿನ ಸರ್ಕ್ಯೂಟ್) ಸುಟ್ಟುಕೊಂಡು ಕೂತಿರುತ್ತೆ. ಹಳೇ ಟ್ಯೂಬ್ ಫಿಟ್ಟಿಂಗಿಗೆ ಎಲ್‌ಇಡಿ ಟ್ಯೂಬ್ ತುರುಕುವುದಾದರೆ ಚೋಕ್, ಸ್ಟಾರ್ಟರ್ ತೆಗೆಸಿ ನೇರ ವೈರ್ ಕೊಡಿಸಿ. ಚೋಕ್ ಒಳಗೇ ಇದ್ದರೆ ಅದರ ನಷ್ಟ ಹಾಗೇ ಉಳಿಯುತ್ತೆ.

ಫ್ಯಾನಿಗೆ ಆತುರ ಬೇಡ. 30 ವ್ಯಾಟಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ, ಕಡಿಮೆ ಕರೆಂಟ್ ಎಳೆಯುವ ಮೋಟರಿನ) ಫ್ಯಾನ್ ಒಳ್ಳೇದೇ, ಆದರೆ ದಿನಕ್ಕೆ ಐದು ಗಂಟೆ ತಿರುಗುವ ಕಡೆ ದುಡ್ಡು ವಾಪಸ್ ಬರೋದು ನಿಧಾನ. ಕೆಟ್ಟದ್ದನ್ನು ಕೆಟ್ಟ ಹಾಗೆ ಬದಲಾಯಿಸಿ.

ಉತ್ತರ 2 (ದೊಡ್ಡ ಅಡುಗೆಮನೆಗಳಿಗೆ ಒಲೆ, ಪೈಪ್‌ಲೈನ್ ಕೂರಿಸುವವರು)

ಗ್ಯಾಸ್ ವಿಷಯಕ್ಕೆ ಮೊದಲ ಕೆಲಸ ಬಿಟ್ಟಿ. ಖಾಲಿ ಸಿಲಿಂಡರ್ ವಾಪಸ್ ಕೊಡುವ ಮುಂಚೆ ತೂಕ ಹಾಕಿ. ಬರೀ ಸಿಲಿಂಡರಿನ ತೂಕ ಅದರ ಕೊರಳಿನ ಮೇಲೇ ಬರೆದಿರುತ್ತೆ. ಒಂದೂವರೆ, ಎರಡು ಕೆಜಿ ಜಾಸ್ತಿ ತೂಗಿದರೆ ಅಷ್ಟು ಗ್ಯಾಸ್ ಸುಮ್ಮನೆ ವಾಪಸ್ ಹೋಗ್ತಿದೆ ಅಂತ ಅರ್ಥ. ಕಾರಣ ಇಷ್ಟೇ: ಎರಡು ಸಿಲಿಂಡರಿನಿಂದ ನಾಲ್ಕು ದೊಡ್ಡ ಒಲೆ ಓಡಿಸಿದಾಗ ಒಳಗಿನ ದ್ರವ ಆವಿಯಾಗುವ ವೇಗ ಸಾಲದೆ ಸಿಲಿಂಡರ್ ತಣ್ಣಗಾಗುತ್ತೆ, ತಳದಲ್ಲಿ ಮಂಜು ಹಿಡಿಯುತ್ತೆ, ಉರಿ ಸಣ್ಣಗಾಗುತ್ತೆ. ಅಡುಗೆಯವರು "ಖಾಲಿಯಾಯ್ತು" ಅಂತ ಬಿಚ್ಚಿಡ್ತಾರೆ. ಮ್ಯಾನಿಫೋಲ್ಡಿಗೆ (ಹಲವು ಸಿಲಿಂಡರ್ ಸೇರಿಸುವ ಪೈಪಿಗೆ) ಒಂದೇ ಸಲ ನಾಲ್ಕು ಸಿಲಿಂಡರ್ ಜೋಡಿಸಿದರೆ ತೊಂದರೆ ಹೋಗುತ್ತೆ. ಸಿಲಿಂಡರ್ ಮೇಲೆ ಬಿಸಿನೀರು ಸುರಿಯೋ ಅಭ್ಯಾಸ ಕೆಲವು ಕಡೆ ಇದೆ, ದಯವಿಟ್ಟು ಬೇಡ. ಒಟ್ಟು ದಾಸ್ತಾನು 100 ಕೆಜಿ ದಾಟಿದರೆ ಪರವಾನಗಿ ಬೇಕು ಅನ್ನೋದೂ ನೆನಪಿರಲಿ. 19ರವು ಐದಾದರೆ 95.

ಆಮೇಲೆ ಬರ್ನರ್. ಉರಿ ಹಳದಿ ಇದ್ದು ತಪ್ಪಲೆಯ ತಳ ಕಪ್ಪಾಗ್ತಿದ್ದರೆ ಗಾಳಿ ಸಾಲುತ್ತಿಲ್ಲ. ಜೆಟ್ (ಗ್ಯಾಸ್ ಹೊರಬರುವ ಸಣ್ಣ ತೂತಿನ ಮೂತಿ) ಬಿಚ್ಚಿ ಸ್ವಚ್ಛ ಮಾಡಿ, ಗಾಳಿ ಬಾಗಿಲು ತಿರುಗಿಸಿ ನೀಲಿ ಉರಿಗೆ ತನ್ನಿ. ಜೆಟ್ಟಿಗೆ ಸೂಜಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತೆ. ಉರಿ ಪಾತ್ರೆಯ ಅಂಚು ದಾಟಿ ಮೇಲೇರುತ್ತಿದ್ದರೆ ಆ ಬಿಸಿ ಅಡುಗೆಗಲ್ಲ, ಅಡುಗೆಯವರಿಗೆ. ಒಲೆಯ ಪಕ್ಕದ ಕಿಟಕಿಯಿಂದ ಗಾಳಿ ನೇರ ಬೀಸುತ್ತಿದ್ದರೆ ಮೂರು ಕಡೆ ತಗಡಿನ ಮರೆ ಕಟ್ಟಿಸಿ.

ಅಕ್ಕಿ ಅರ್ಧ ಗಂಟೆ, ತೊಗರಿಬೇಳೆ ಒಂದು ಗಂಟೆ ನೆನೆಹಾಕಲಿ. ಬೇಳೆ ಬೇಯಿಸೋಕೆ 20 ಲೀಟರಿನ ಕುಕ್ಕರ್ ಇದ್ದರೆ ಸಾಕಷ್ಟು ಉಳಿಯುತ್ತೆ. ಮುಚ್ಚಳ ಮುಚ್ಚೋದು, ಕುದಿ ಬಂದ ಮೇಲೆ ಉರಿ ಇಳಿಸೋದು ಹೇಳಿದಷ್ಟು ಸುಲಭ ಇಲ್ಲ. ದೊಡ್ಡ ತಪ್ಪಲೆಯ ಮುಚ್ಚಳ ಭಾರ, ಒಬ್ಬರ ಕೈಲಿ ಎತ್ತೋಕಾಗಲ್ಲ, ಅದಕ್ಕೇ ಮುಚ್ಚಲ್ಲ. ಎರಡು ತುಂಡಾಗಿ ಮಡಚುವ ಅಲ್ಯೂಮಿನಿಯಂ ಮುಚ್ಚಳ ಮಾಡಿಸಿಕೊಡಿ, ಬೈಯೋ ಅಗತ್ಯವೇ ಬರಲ್ಲ.

ಉತ್ತರ 3 (ಸೋಲಾರ್ ವಾಟರ್ ಹೀಟರ್ ಮತ್ತು ಸ್ಟೀಮ್ ಕಿಚನ್ ಕೆಲಸದವರು)

ಮೇಲಿನವರು ಹೇಳಿದ್ದಕ್ಕೆ ಸೇರಿಸ್ತೀನಿ. ಅನ್ನ, ಸಾರಿಗೆ ದಿನಕ್ಕೆ 250 ಲೀಟರ್ ನೀರು ಬೇಕು ಅಂದುಕೊಳ್ಳಿ. ಅದನ್ನು 25 ಡಿಗ್ರಿಯಿಂದ 60ಕ್ಕೆ ಬಿಸಿಲೇ ತಂದುಕೊಟ್ಟರೆ ದಿನಕ್ಕೆ ಒಂದೂವರೆ ಕೆಜಿ ಗ್ಯಾಸ್ ಉಳಿಯುತ್ತೆ, ತಿಂಗಳಿಗೆ ಎರಡು ಸಿಲಿಂಡರಿಗೂ ಮೇಲೆ. 500 ಲೀಟರಿನ ಸೋಲಾರ್ ವಾಟರ್ ಹೀಟರ್ ಹಾಕಿಸಿದರೆ ಪಾತ್ರೆ ತೊಳೆಯೋಕೂ ಆಗುತ್ತೆ. ಅಡುಗೆಗೆ ಬಳಸುವುದರಿಂದ ಟ್ಯಾಂಕ್ ಸ್ಟೇನ್‌ಲೆಸ್ ಸ್ಟೀಲೇ ಆಗಿರಲಿ. ಅಡುಗೆಮನೆಯ ನೆತ್ತಿಯ ಮೇಲೇ ಕೂರಿಸಿ. ದೂರ ಇಟ್ಟು ಹೊದಿಕೆ ಇಲ್ಲದ ಪೈಪ್ ಎಳೆದರೆ ಬೆಳಿಗ್ಗೆ ಮೊದಲ ಎರಡು ಕೊಡ ತಣ್ಣೀರೇ ಬರುತ್ತೆ.

ನಿಮ್ಮ ಕಡೆ ಬೋರ್ ನೀರು ಗಡಸು. ಫ್ಲಾಟ್ ಪ್ಲೇಟ್ (ಚಪ್ಪಟೆ ಫಲಕದ) ಹೀಟರಿನ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿ ಎರಡು ವರ್ಷಕ್ಕೇ ಬಿಸಿ ಇಳಿಯುತ್ತೆ. ಗಾಜಿನ ಕೊಳವೆಯದು ಸ್ವಲ್ಪ ತಡೆದೀತು, ಅದರಲ್ಲೂ ತಳದಲ್ಲಿ ಸುಣ್ಣ ಕೂರುತ್ತೆ. ಚಾವಣಿಯ ಮಳೆನೀರನ್ನು ನೆಲದ ಸಂಪ್ ತೊಟ್ಟಿಗೆ ಬಿಟ್ಟುಕೊಂಡು ಅದನ್ನೇ ಹೀಟರಿಗೆ ಕೊಡೋದು ಎಲ್ಲಕ್ಕಿಂತ ಒಳ್ಳೇ ಉಪಾಯ.

ಶಿರಡಿಯಲ್ಲಿ 2009ರಲ್ಲಿ 73 ಸೋಲಾರ್ ಡಿಶ್ (ಬಿಸಿಲನ್ನು ಒಂದೆಡೆ ಸೇರಿಸುವ ದೊಡ್ಡ ಕನ್ನಡಿ) ಇಟ್ಟು ಹಬೆಯಲ್ಲಿ ಅಡುಗೆ ಶುರು ಮಾಡಿದರು, ತಿರುಮಲದಲ್ಲಿ ಅದಕ್ಕೂ ಮುಂಚೆ. ಅದನ್ನು ನೋಡಿಬಂದು "ನಮಗೂ ಅದೇ" ಅನ್ನೋ ಸಮಿತಿಗಳಿವೆ. 300 ಜನಕ್ಕೆ ಬೇಡ. ಕನ್ನಡಿ ಒರೆಸಬೇಕು, ಸೂರ್ಯನ ಕಡೆ ತಿರುಗಿಸುವ ಯಂತ್ರಕ್ಕೆ ಎಣ್ಣೆ ಬಿಡಬೇಕು, ಮೋಡದ ದಿನಕ್ಕೆ ಬಾಯ್ಲರ್ ಬೇರೆ ಇಟ್ಟಿರಬೇಕು. ಅದಕ್ಕೇ ಒಬ್ಬ ಆಳು ಬೇಕು. ಗ್ಯಾಸ್ ಬಾಯ್ಲರಿನ ಹಬೆ ಅಡುಗೆಯೂ ದಿನಾ ಸಾವಿರ ಜನ ದಾಟುವವರಿಗೆ ಸರಿ.

ಸಮಿತಿಯ ಮರುಪ್ರಶ್ನೆ

ತುಂಬಾ ಉಪಕಾರ. ಎರಡು ಸಂಶಯ. ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆ ಹಾಕಿ ಅಂತ ಒಬ್ಬರು ಹೇಳ್ತಿದ್ದಾರೆ. ಗೋಶಾಲೆ ಇರೋದರಿಂದ ಗೋಬರ್ ಗ್ಯಾಸ್ ಆಗುತ್ತಾ? ಅಡುಗೆ ಮಿಕ್ಕಿದ್ದನ್ನೂ ಅದಕ್ಕೇ ಹಾಕಬಹುದಾ?

ಉತ್ತರ 2ರವರು

ಇಂಡಕ್ಷನ್ ಕೆಲಸ ಮಾಡುತ್ತೆ, ಆದರೆ ತಾಮ್ರ, ಹಿತ್ತಾಳೆ, ಕಂಚು, ಅಲ್ಯೂಮಿನಿಯಂ ಯಾವುದೂ ಅದರ ಮೇಲೆ ಬಿಸಿಯಾಗಲ್ಲ. ಆಯಸ್ಕಾಂತ ಅಂಟುವ ಚಪ್ಪಟೆ ತಳದ ಪಾತ್ರೆಯೇ ಬೇಕು. ನಿಮ್ಮ ಕೊಪ್ಪರಿಗೆಗಳೆಲ್ಲ ಅಟ್ಟ ಸೇರಬೇಕಾಗುತ್ತೆ. 15 ಕಿಲೋವ್ಯಾಟಿನ ಎರಡು ಒಲೆ ಅಂದರೆ ಮಂಜೂರಾದ ಲೋಡ್ ಏರಿಸಬೇಕು, ಅದರ ಮೇಲಿನ ನಿಗದಿತ ಶುಲ್ಕ ಪ್ರತಿ ತಿಂಗಳೂ ಬರುತ್ತೆ. ಇನ್ನೊಂದು ಮಾತು: ನೈವೇದ್ಯದ ಮಡಿ ಅಡುಗೆಯನ್ನು ಈ ಯಾವ ಲೆಕ್ಕಕ್ಕೂ ಎಳೆಯಬೇಡಿ. ಅಲ್ಲಿ ಉರಿಯೋದು ಎರಡು ಕಟ್ಟು ಸೌದೆ. ಅದನ್ನು ಮುಟ್ಟಲು ಹೋದರೆ ಅರ್ಚಕರು ಮುನಿಸಿಕೊಂಡು ಉಳಿದ ಕೆಲಸವೂ ನಿಲ್ಲುತ್ತೆ.

ಉತ್ತರ 4 (ಗೋಬರ್ ಗ್ಯಾಸ್ ಕಟ್ಟಿಸುವವರು)

20 ಹಸು, ಹಸುವಿಗೆ 10 ಕೆಜಿಯಂತೆ 200 ಕೆಜಿ ಸಗಣಿ. 25 ಕೆಜಿಗೆ ಒಂದು ಘನ ಮೀಟರ್ ಅನಿಲ, ಒಟ್ಟು 8. ಒಂದು ಘನ ಮೀಟರ್ ಅಂದರೆ ಸುಮಾರು 430 ಗ್ರಾಂ ಎಲ್‌ಪಿಜಿ. ದಿನಕ್ಕೆ 3.4 ಕೆಜಿ, ನಿಮ್ಮ ಬಳಕೆಯ ಕಾಲುಭಾಗ. ಆದರೆ ಹಸು ಹಗಲು ಮೇಯಲು ಹೋಗುತ್ತಿದ್ದರೆ ಸಗಣಿ ಅರ್ಧ ಹೊಲದಲ್ಲೇ ಉಳಿಯುತ್ತೆ. ಕೊಟ್ಟಿಗೆಯಲ್ಲಿ ಸಿಕ್ಕಿದ್ದನ್ನು ವಾರ ತೂಗಿ ನೋಡಿ ಗಾತ್ರ ತೀರ್ಮಾನಿಸಿ. ಸಗಣಿಯಷ್ಟೇ ನೀರು ಬೆರೆಸಿ, 40 ದಿನ ಒಳಗಿರುವ ಲೆಕ್ಕಕ್ಕೆ 16 ಘನ ಮೀಟರ್ ಗುಂಡಿ ಬೇಕು. ದೀನಬಂಧು ಮಾದರಿಯ ಇಟ್ಟಿಗೆ ಗುಮ್ಮಟ ಸಾಕು, ಗುಮ್ಮಟದ ಒಳಗಾರೆಯಲ್ಲಿ ಕೂದಲೆಳೆ ಬಿರುಕಿದ್ದರೂ ಅನಿಲ ನಿಲ್ಲಲ್ಲ, ಅನುಭವ ಇರುವ ಮೇಸ್ತ್ರಿಯೇ ಬೇಕು.

ಅಡುಗೆ ಮಿಕ್ಕಿದ್ದು, ಸಿಪ್ಪೆ ಎಲ್ಲ ಸೇರಿ 25 ಕೆಜಿ ಸಿಕ್ಕೀತು. ಅದರಿಂದ ಎರಡು ಘನ ಮೀಟರ್ ಹತ್ತಿರ ಬರುತ್ತೆ, ಹಾಕಬಹುದು. ಮೊದಲ ತಿಂಗಳು ಬರೀ ಸಗಣಿ. ಆಮೇಲೆ ದಿನಕ್ಕೆ 5 ಕೆಜಿಯಿಂದ ಶುರು ಮಾಡಿ ವಾರವಾರ ಏರಿಸಿ. ಸೋಮವಾರ ಮಿಕ್ಕ 60 ಕೆಜಿ ಅನ್ನವನ್ನು ಒಂದೇ ಸಲ ಸುರಿದರೆ ಒಳಗೆ ಹುಳಿಯಾಗಿ ಅನಿಲ ನಿಲ್ಲುತ್ತೆ. ಬರೋ ಅನಿಲ ಹತ್ತಿಕೊಳ್ಳದೆ ಹುಳಿ ವಾಸನೆ ಹೊಡೆದರೆ ಅದೇ ಲಕ್ಷಣ. ಮಿಕ್ಕ ಅಡುಗೆ ಗುಂಡಿಗೆ ಹಾಕೋದು ನಿಲ್ಲಿಸಿ ಒಂದು ವಾರ ಸಗಣಿ ಮಾತ್ರ ಕೊಡಿ, ಪಿಎಚ್ ಕಾಗದದಲ್ಲಿ (ಹುಳಿಯ ಮಟ್ಟ ತೋರಿಸುವ ಕಾಗದ) 6.5ರ ಮೇಲೆ ಬಂದ ಮೇಲೆ ಮತ್ತೆ ಶುರು. ನಿಂಬೆ ಸಿಪ್ಪೆ, ತೆಂಗಿನ ಚಿಪ್ಪು, ಅಡಿಕೆ ಹಾಳೆ ತಟ್ಟೆ, ಬಾಳೆ ಎಲೆ ಒಳಗೆ ಹೋಗಕೂಡದು. ಎಲೆಯ ದಿಂಡು ತೇಲಿ ಮೇಲೆ ಗಟ್ಟಿ ಕೆನೆ ಕಟ್ಟುತ್ತೆ. ಎಲೆ ಹಸುವಿಗೆ, ಹೂವು ಗೊಬ್ಬರದ ಗುಂಡಿಗೆ (ಹಾರದ ಪ್ಲಾಸ್ಟಿಕ್ ದಾರ ಬಿಡಿಸಿ).

ಗ್ಯಾಸ್ ಒಲೆಯ ಜೆಟ್ ಇದಕ್ಕೆ ಆಗಲ್ಲ, ಒತ್ತಡ ಕಡಿಮೆ. ಗೋಬರ್ ಗ್ಯಾಸ್ ಬರ್ನರ್ ಬೇರೆಯೇ ಬೇಕು. ಪೈಪ್ ಗುಂಡಿಯ ಕಡೆಗೋ ನೀರು ಬಿಡುವ ನಲ್ಲಿಯ ಕಡೆಗೋ ಇಳಿಜಾರಿರಲಿ. ಇಲ್ಲದಿದ್ದರೆ ತಗ್ಗಿನಲ್ಲಿ ನೀರು ನಿಂತು ಉರಿ ಕುಣಿಯುತ್ತೆ. ಚಳಿಗಾಲದಲ್ಲಿ ಉತ್ಪತ್ತಿ ಇಳಿಯೋದು ಸಹಜ, ಗುಂಡಿ ಕೆಟ್ಟಿದೆ ಅಂದುಕೊಳ್ಳಬೇಡಿ.

ಜಾತ್ರೆಯ ಸೌದೆಗೆ ಒಂದು ಸಾಲು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯ ದೊಡ್ಡ ರೂಪ ಕಟ್ಟಿಸಿ. ಕೆಳಗೆ ಜಾಲರಿ, ಹೊಗೆಗೂಡು ಇದ್ದು ಮೂರು ಕಲ್ಲಿನ ಒಲೆಗಿಂತ ಸೌದೆ ಎಷ್ಟೋ ಕಡಿಮೆ ಸಾಕು. ಯಾವ ಕೊಪ್ಪರಿಗೆ ಇಡ್ತೀರೋ ಅದರ ಅಳತೆಗೇ ಬಾಯಿ ಕಟ್ಟಿಸಬೇಕು. ಬೇರೆ ಪಾತ್ರೆ ಇಟ್ಟರೆ ಸಂದಿಯಲ್ಲಿ ಹೊಗೆ.

ಉತ್ತರ 5 (ಮಸೀದಿ, ಚರ್ಚುಗಳ ವೈರಿಂಗ್ ಮತ್ತು ನೀರಿನ ಕೆಲಸ ನೋಡುವವರು)

ಇದನ್ನು ಓದುವ ಬೇರೆಯವರಿಗಾಗಿ ಹೇಳ್ತೀನಿ, ಎಲ್ಲ ಕಡೆ ಲೆಕ್ಕ ಒಂದೇ ಅಲ್ಲ. ಚರ್ಚಿನ ದೊಡ್ಡ ಹಾಲಿನ 40 ಫ್ಯಾನ್ ವಾರಕ್ಕೆ ಮೂರು ಗಂಟೆ ತಿರುಗುತ್ತವೆ; ಅವನ್ನು ಬದಲಾಯಿಸಿ ಏನೂ ಉಳಿಯಲ್ಲ. ಪಕ್ಕದಲ್ಲೇ ಅವರ ಶಾಲೆ, ಹಾಸ್ಟೆಲ್ ಇರುತ್ತಲ್ಲ, ಕೆಲಸ ಅಲ್ಲಿ. ಮಸೀದಿಯಲ್ಲಿ ದುಡ್ಡು ಹೋಗೋದು ವಜೂ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವ) ನೀರಿಗೆ. ಪೂರ್ತಿ ತಿರುಗಿಸಿದ ನಲ್ಲಿ ನಿಮಿಷಕ್ಕೆ 8–10 ಲೀಟರ್ ಸುರಿಯುತ್ತೆ. ನಿಮಿಷಕ್ಕೆ 3 ಲೀಟರ್ ಬಿಡುವ ಏರೇಟರ್ (ನಲ್ಲಿಯ ಬಾಯಿಗೆ ಹಾಕುವ ಜಾಲರಿ) ಹಾಕಿದರೆ ನೀರಿನ ಜತೆ ಮೋಟರ್ ಓಡೋದೂ ಇಳಿಯುತ್ತೆ. ಆ ನೀರಲ್ಲಿ ಸೋಪ್ ಇರಲ್ಲ, ಮರಳಿನ ತೊಟ್ಟಿ ದಾಟಿಸಿ ನೇರ ಗಿಡಕ್ಕೆ ಬಿಡಬಹುದು.

ಮೋಟರ್ ಬಗ್ಗೆ ಎಲ್ಲರಿಗೂ: ಟ್ಯಾಂಕಿಗೆ ಫ್ಲೋಟ್ ಸ್ವಿಚ್ (ತುಂಬಿದ ತಕ್ಷಣ ಮೋಟರ್ ನಿಲ್ಲಿಸುವ ಸ್ವಿಚ್) ಹಾಕಿಸಿ. ಖಾಲಿ ಟ್ಯಾಂಕ್ ತುಂಬಲು ಎಷ್ಟು ನಿಮಿಷ ಅಂತ ಮೂರು ತಿಂಗಳಿಗೊಮ್ಮೆ ಗೋಡೆ ಮೇಲೆ ಬರೆದಿಡಿ. ನಿಮಿಷ ಏರುತ್ತಿದ್ದರೆ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಸವೆದಿದೆ, ಇಲ್ಲ ಬೋರ್ ಒಳಗಿನ ಪೈಪ್ ಸೋರುತ್ತಿದೆ, ಇಲ್ಲ ನೀರು ಕೆಳಗೆ ಹೋಗಿದೆ.

ಉತ್ತರ 6 (ರೂಫ್‌ಟಾಪ್ ಸೋಲಾರ್ ಗುತ್ತಿಗೆದಾರರು)

ಸೋಲಾರ್ ಮಾರುವವನೇ ಹೇಳ್ತಿದ್ದೀನಿ, 10 ಕಿಲೋವ್ಯಾಟ್ ಬೇಡ. ಒಂದು ಕಿಲೋವ್ಯಾಟ್ ತಿಂಗಳಿಗೆ 110ರಿಂದ 120 ಯೂನಿಟ್ ಕೊಡುತ್ತೆ. ಮೇಲೆ ಹೇಳಿದಂತೆ ದೀಪ ಬದಲಾಯಿಸಿದರೆ ನಿಮ್ಮ ಬಳಕೆ 540ಕ್ಕೆ ಇಳಿಯುತ್ತೆ. 5 ಕಿಲೋವ್ಯಾಟ್ ಸರಿಹೋಗುತ್ತೆ. ಜಾತ್ರೆಯ ತಿಂಗಳ ಬಿಲ್ ನೋಡಿ ಗಾತ್ರ ಗೊತ್ತು ಮಾಡಬೇಡಿ, ಹನ್ನೆರಡೂ ತಿಂಗಳಿನದು ನೋಡಿ.

ಪ್ರಧಾನಮಂತ್ರಿ ಸೂರ್ಯಘರ್ ಸಬ್ಸಿಡಿ ವಸತಿ ಮನೆಗಳಿಗೆ, ದೇವಸ್ಥಾನಕ್ಕೆ ಬರಲ್ಲ. ಬರುತ್ತೆ ಅಂತ ಮುಂಗಡ ಕೇಳುವವರನ್ನು ಬಾಗಿಲಲ್ಲೇ ಕಳಿಸಿ. ಭಕ್ತರ ಮನೆಗಳಿಗೆ ಸಿಗುತ್ತೆ, 2 ಕಿಲೋವ್ಯಾಟಿಗೆ 60,000 ರೂಪಾಯಿ, 3 ಮತ್ತು ಮೇಲ್ಪಟ್ಟದ್ದಕ್ಕೆ 78,000. ಸಮಿತಿಯವರು ಒಂದು ಸೋಮವಾರ ದಾಸೋಹದ ಹೊತ್ತಿಗೆ ಅರ್ಜಿ ತುಂಬಿಸಿಕೊಡುವ ವ್ಯವಸ್ಥೆ ಮಾಡಿದರೆ ಗುಡಿಯ ಚಾವಣಿಗಿಂತ ಎಷ್ಟೋ ಪಟ್ಟು ಕೆಲಸ ಊರಲ್ಲಿ ಆಗುತ್ತೆ.

ಪ್ಯಾನೆಲ್ ಗರ್ಭಗುಡಿ, ಕಲ್ಲಿನ ಮಂಟಪದ ಮೇಲೆ ಬೇಡ, ದಾಸೋಹ ಭವನದ ಆರ್‌ಸಿಸಿ ಮೇಲೆ ಹಾಕಿ. ಸಂರಕ್ಷಿತ ಸ್ಮಾರಕವೇನಾದರೂ 300 ಮೀಟರ್ ಒಳಗಿದ್ದರೆ ಮೊದಲು ಪುರಾತತ್ವ ಇಲಾಖೆ ಕೇಳಿ. ಗೋಪುರ, ಧ್ವಜಸ್ತಂಭ, ತೆಂಗಿನ ಮರದ ನೆರಳು ಡಿಸೆಂಬರಿನಲ್ಲಿ ಉದ್ದ ಬೀಳುತ್ತೆ. ಒಂದು ಪ್ಯಾನೆಲ್ಲಿಗೆ ನೆರಳು ಬಿದ್ದರೆ ಅದೇ ಸಾಲಿನ ಉಳಿದವೂ ಸೊರಗುತ್ತವೆ. ಅಡುಗೆಮನೆಯ ಹೊಗೆಗೂಡಿನಿಂದ ದೂರ ಇಡಿ, ಒಗ್ಗರಣೆಯ ಎಣ್ಣೆ ಜಿಡ್ಡು ಬರೀ ನೀರಿಗೆ ಹೋಗಲ್ಲ. ಕೋತಿಗಳಿದ್ದರೆ ವೈರ್ ಪೂರ್ತಿ ಕಬ್ಬಿಣದ ಪೈಪಿನೊಳಗೆ ಹೋಗಲಿ. ಡಿಸಿ (ಪ್ಯಾನೆಲ್ ಕಡೆಯ ಕರೆಂಟ್), ಎಸಿ (ಲೈನ್ ಕಡೆಯದು), ಸಿಡಿಲು ರಕ್ಷಕ ಮೂರಕ್ಕೂ ಬೇರೆ ಬೇರೆ ಅರ್ಥಿಂಗ್ ಗುಂಡಿ ಕೇಳಿ, ಉಳಿಸಲು ಹೋಗಿ ಒಂದಕ್ಕೇ ಮೂರನ್ನೂ ಕಟ್ಟುವವರು ತುಂಬಾ ಇದ್ದಾರೆ.

ಕರೆಂಟ್ ಹೋದಾಗ ಗ್ರಿಡ್‌ಗೆ ಜೋಡಿಸಿದ ಸೋಲಾರೂ ನಿಲ್ಲುತ್ತೆ, ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ. ದಾನಿಗಳಿಗೆ ಇದನ್ನು ಮೊದಲೇ ಹೇಳಿ. ಮಂಗಳಾರತಿಗೆ ಯುಪಿಎಸ್ ಇದ್ದರೆ ಅದು ಇರಲೇಬೇಕು.

ಮೀಟರ್ ವಿಷಯ: ಗುಡಿಗೂ ಸಮುದಾಯ ಭವನಕ್ಕೂ ಬೇರೆ ಆರ್‌ಆರ್ ನಂಬರ್ ಇದ್ದರೆ ಎರಡರ ಬಿಲ್ಲಲ್ಲೂ ಟ್ಯಾರಿಫ್ ಯಾವುದಿದೆ ನೋಡಿ. ಮದುವೆಗೆ ಬಾಡಿಗೆ ಕೊಡುವ ಭವನ ವಾಣಿಜ್ಯ ದರದಲ್ಲಿರುತ್ತೆ. ಯೂನಿಟ್ ದುಬಾರಿ ಇರುವ ಕಡೆ, ವರ್ಷವಿಡೀ ಬಳಕೆ ಇದ್ದರೆ, ಅಲ್ಲಿಗೆ ಜೋಡಿಸೋದು ಲಾಭ. ಮುಜರಾಯಿಗೆ ಸೇರಿದ್ದಾದರೆ ವ್ಯವಸ್ಥಾಪನಾ ಸಮಿತಿಯ ಠರಾವು, ಇಲಾಖೆಯ ಒಪ್ಪಿಗೆ ಕೈಯಲ್ಲಿ ಹಿಡಿದೇ ಬೆಸ್ಕಾಂಗೆ ಅರ್ಜಿ ಹಾಕಿ. ದಾನಿಗಳ ಉಳಿದ ದುಡ್ಡಿಗೆ ಉತ್ತರ 3ರ ವಾಟರ್ ಹೀಟರ್, ಉತ್ತರ 4ರ ಗುಂಡಿ ಇದ್ದೇ ಇವೆ. ಹೆಸರಿನ ಫಲಕ ಟ್ಯಾಂಕಿನ ಮೇಲೂ ಹಾಕಬಹುದು.