ಸ್ವಿಟ್ಜರ್ಲೆಂಡ್‌ನ ಎಂಗಡೀನ್ ಕಣಿವೆಯಲ್ಲಿ ಗ್ರಾವೆಲ್ ಸೈಕಲ್: ಮಾಲೋಯಾದಿಂದ ಷ್ಕುವೊಲ್‌ಗೆ ಯಾವ ದಾರಿ?

ಜ್ಯೂರಿಕ್_ಅಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಗೆ ನನ್ನ ತಮ್ಮ ಬೆಂಗಳೂರಿನಿಂದ ಬರುತ್ತಿದ್ದಾನೆ. ಭಾನುವಾರ ಬಂತು ಅಂದರೆ ನಂದಿ ಬೆಟ್ಟ ಹತ್ತುವ ಗುಂಪಿನವನು, ಕಾಲಲ್ಲಿ ದಮ್ಮಿದೆ. ನಾನು ಇಲ್ಲಿ ಆಫೀಸಿಗೆ ಸೈಕಲ್‌ನಲ್ಲಿ ಹೋಗಿ ಬರುತ್ತೇನೆ, ಅಷ್ಟೇ. ಇಬ್ಬರಿಗೂ ಗ್ರಾವೆಲ್ ಬೈಕ್ (ಜಲ್ಲಿ, ಮಣ್ಣಿನ ದಾರಿಗೆ ಹೊಂದುವ ಸೈಕಲ್) ಬಾಡಿಗೆಗೆ ತೆಗೆದುಕೊಂಡು, ಇನ್ ನದಿಯ ಪಕ್ಕದಲ್ಲೇ ಮಾಲೋಯಾದಿಂದ ಷ್ಕುವೊಲ್‌ವರೆಗೆ ಹೋಗೋಣ ಅಂತ ಯೋಚನೆ.

ತಮ್ಮ ನಕ್ಷೆ ನೋಡಿ "ಮೇಲಿಂದ ಕೆಳಕ್ಕೆ ತಾನೇ ಅಕ್ಕ, ಒಂದೇ ದಿನ ಸಾಕು" ಅನ್ನುತ್ತಿದ್ದಾನೆ. ನನಗ್ಯಾಕೋ ನಂಬಿಕೆ ಬರುತ್ತಿಲ್ಲ. ಕಾರುಗಳ ಮಧ್ಯೆ ಟಾರು ರಸ್ತೆಯಲ್ಲಿ ಓಡಿಸುವುದು ನನಗೆ ಆಗದ ಕೆಲಸ. ಎಲ್ಲಿಂದ ಹೊರಡಬೇಕು, ಜಲ್ಲಿ ದಾರಿ ಎಲ್ಲಿ ಚೆನ್ನಾಗಿದೆ, ಎಲ್ಲಿ ಇಳಿದು ತಳ್ಳಬೇಕಾಗುತ್ತದೆ? ಇಬ್ಬರೂ ಸಸ್ಯಾಹಾರಿಗಳು, ಊಟದ ಬಗ್ಗೆಯೂ ಒಂದು ಮಾತು ಹೇಳಿ.

ಚೂರ್_ಮಲೆನಾಡಿಗ:

ಅಕ್ಕ, ನಿಮ್ಮ ಅನುಮಾನವೇ ಸರಿ. ಎರಡು ದಿನ ಇಟ್ಟುಕೊಳ್ಳಿ. ನಾನು ಸಾಗರದವನು, ಈಗ ಚೂರ್‌ನಲ್ಲಿದ್ದೇನೆ. ಬೇಸಿಗೆಯಲ್ಲಿ ರಜೆ ಸಿಕ್ಕರೆ ಆ ಕಣಿವೆಗೇ ಹೋಗುವುದು.

ಎಲ್ಲಕ್ಕಿಂತ ಮೊದಲು ಗಾಳಿಯ ವಿಷಯ. ಅಲ್ಲಿ ದಿನದ ಲೆಕ್ಕ ಹಾಕಬೇಕಾದ್ದು ಕಿಲೋಮೀಟರ್‌ನಲ್ಲಲ್ಲ, ಗಾಳಿಯಲ್ಲಿ. ಬೇರೆ ಕಣಿವೆಗಳಲ್ಲಿ ಬಿಸಿಲೇರಿದಂತೆ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ, ಅಲ್ವಾ? ಮೇಲಿನ ಎಂಗಡೀನ್‌ನಲ್ಲಿ ಅದು ಉಲ್ಟಾ. ಮಾಲೋಯಾದಲ್ಲಿ ಕಣಿವೆಯ ತಲೆಭಾಗವನ್ನು ಮುಚ್ಚುವ ಬೆಟ್ಟದ ಗೋಡೆಯೇ ಇಲ್ಲ. ಆಚೆ ಕಡೆ ಬ್ರೆಗಾಲ್ಯಾ ಕಣಿವೆ ಧಡಕ್ಕನೆ ಕೆಳಕ್ಕಿಳಿಯುತ್ತದೆ. ಅಲ್ಲಿ ಬಿಸಿಲಿಗೆ ಕಾದು ಮೇಲೇರಿದ ಗಾಳಿ ಮಾಲೋಯಾದ ಹೊಸ್ತಿಲು ದಾಟಿ ಈ ಕಡೆ ಸುರಿಯುತ್ತದೆ, ನದಿ ಹರಿಯುವ ದಿಕ್ಕಿಗೇ. ಬಿಸಿಲಿರುವ ದಿನ ಸಿಲ್ವಾಪ್ಲಾನಾ ಕೆರೆ ಬೆಳಿಗ್ಗೆ ಅಲುಗದೆ ಮಲಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೀರಿಗೆ ಸುಕ್ಕು ಬೀಳುತ್ತದೆ. ಅದಾಗಿ ಸ್ವಲ್ಪ ಹೊತ್ತಿಗೆ ಗಾಳಿಪಟ ಕಟ್ಟಿಕೊಂಡವರೆಲ್ಲ ನೀರಿಗಿಳಿಯುತ್ತಾರೆ. ಆಗ ನೀವು ಮಾಲೋಯಾ ಕಡೆಗೆ ಹೊರಟಿದ್ದರೆ ಮುಗಿಯಿತು, ಪೆಡಲ್ ತುಳಿದರೂ ನಿಂತಲ್ಲೇ ನಿಂತ ಹಾಗೆ.

ಆದ್ದರಿಂದ ಹೀಗೆ ಮಾಡಿ. ರೈಲು ಹೇಗೂ ಸೇಂಟ್ ಮೋರಿಟ್ಸ್‌ಗೇ ಮುಗಿಯುತ್ತದೆ. ಹಿಂದಿನ ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಗಾಳಿ ಏಳುವ ಮೊದಲೇ ಮಾಲೋಯಾಗೆ ಹೋಗಿಬಿಡಿ. ಸೇಂಟ್ ಮೋರಿಟ್ಸ್ ಬಾದ್‌ನಿಂದ ಕಾಡಿನೊಳಗೆ ಅಗಲವಾದ ಜಲ್ಲಿ ದಾರಿಯಿದೆ. ಚಾಂಪ್ಫೇರ್ ಕೆರೆ, ಸುರ್ಲೈ ಹಳ್ಳಿ, ಆಮೇಲೆ ಸಿಲ್ವಾಪ್ಲಾನಾ ಕೆರೆಯ ಬಲದಂಡೆ ಹಿಡಿದು ಸಿಲ್ಸ್. ಕಾರುಗಳ ರಸ್ತೆ ಎದುರು ದಡದಲ್ಲಿ ಉಳಿಯುತ್ತದೆ. ಸಿಲ್ಸ್‌ನಿಂದ ಇಸೋಲಾವರೆಗೆ ಮಾತ್ರ ದಾರಿ ಕಿರಿದು, ನಡೆಯುವವರೂ ಜಾಸ್ತಿ. ಅಲ್ಲಿ ಇಳಿದು ತಳ್ಳುವುದಕ್ಕೆ ನಾಚಿಕೆ ಬೇಡ. ಇಸೋಲಾ ದಾಟಿದರೆ ಮತ್ತೆ ಸಲೀಸು.

ಮಾಲೋಯಾದಲ್ಲಿ ಕಾಫಿ ಕುಡಿದು, ಆ ಅಂಚಿಗೆ ಹೋಗಿ ಕೆಳಗೆ ಸುತ್ತಿ ಸುತ್ತಿ ಇಳಿಯುವ ರಸ್ತೆಯನ್ನು ನೋಡಿ ಬನ್ನಿ. ಅಲ್ಲೇ ಮೇಲೆ ಲುಂಗೀನ್ ಕಣಿವೆದಾರಿ ಇದೆ. ಅಲ್ಲಿ ಬಿದ್ದ ಮಳೆ ಮೂರು ಪಾಲಾಗುತ್ತದೆ: ಇನ್ ಸೇರಿದ್ದು ಡ್ಯಾನ್ಯೂಬ್ ಮೂಲಕ ಕಪ್ಪು ಸಮುದ್ರಕ್ಕೆ, ಇನ್ನೊಂದು ರೈನ್ ಮೂಲಕ ಉತ್ತರ ಸಮುದ್ರಕ್ಕೆ, ಮತ್ತೊಂದು ಪೋ ನದಿ ಹಿಡಿದು ಇಟಲಿಯ ಕಡೆಗೆ. ಸೈಕಲ್ ಹೋಗುವ ಜಾಗವಲ್ಲ, ಸುಮ್ನೆ ತಲೆಯೆತ್ತಿ ನೋಡಿ. ಗಾಳಿ ಎದ್ದ ಮೇಲೆ ವಾಪಸ್ ಹೊರಡಿ. ಬೆನ್ನಿಗೆ ಕೈ ಇಟ್ಟು ಯಾರೋ ತಳ್ಳಿದ ಹಾಗಿರುತ್ತದೆ.

ಸೇಂಟ್ ಮೋರಿಟ್ಸ್ ದಾಟಿ ಷ್ಟಾಟ್ಸ್ ಕೆರೆಯ ಕಾಡು, ಆಮೇಲೆ ಸಮೇಡನ್. ಅಲ್ಲಿ ಪ್ರವಾಹದ ಭಯಕ್ಕೆ ಫ್ಲಾಟ್ಸ್ ನದಿಯನ್ನೇ 2000ರ ದಶಕದಲ್ಲಿ ಹೊಸ ಪಾತ್ರಕ್ಕೆ ತಿರುಗಿಸಿದ್ದಾರೆ. ಅಲ್ಲಿಂದ ಬೇವರ್, ಲಾ ಪುಂಟ್, ತ್ಸುವೋತ್ಸ್, ಷ್ಚಾನ್ಫ್‌ವರೆಗೆ ನದಿ ಪಕ್ಕದ ಸಪಾಟು ಜಲ್ಲಿ. ಆ ಭಾಗದ ಬಗ್ಗೆ ಹೆಚ್ಚು ಹೇಳಲು ಏನಿಲ್ಲ, ಕಣ್ಣು ಮುಚ್ಚಿಕೊಂಡು ಹೋಗಬಹುದು. ಮೊದಲ ರಾತ್ರಿ ತ್ಸುವೋತ್ಸ್ ಅಥವಾ ಷ್ಚಾನ್ಫ್. ಷ್ಚಾನ್ಫ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಬೋರ್ಡ್ ನೋಡಿ ತಮ್ಮ ಆ ಕಡೆ ತಿರುಗಿಸಿಯಾನು, ಬಿಡಬೇಡಿ. 1914ರಿಂದ ಇರುವ ಉದ್ಯಾನ ಅದು, ಒಳಗೆ ಸೈಕಲ್ ನಿಷಿದ್ಧ.

ಎರಡನೇ ದಿನ ನಸುಕಿಗೇ ಹೊರಡಿ. ಕೆಳಗಿನ ಎಂಗಡೀನ್‌ನಲ್ಲಿ ಗಾಳಿ ಎಲ್ಲ ಕಡೆಯಂತೆ ಕೆಳಗಿನಿಂದ ಮೇಲಕ್ಕೆ, ಅಂದರೆ ಮಧ್ಯಾಹ್ನ ನಿಮ್ಮ ಮುಖಕ್ಕೆ. ಷ್ಚಾನ್ಫ್‌ನಿಂದ ಚಿನುವೋಷ್ಚೆಲ್, ಅಲ್ಲಿಂದ ಕರೋಲೀನಾ ಮೂಲಕ ತ್ಸೆರ್ನೆಟ್ಸ್‌ಗೆ ಕಾಡುದಾರಿ. ನನ್ನ ಪ್ರಕಾರ ಇಡೀ ಪ್ರಯಾಣದಲ್ಲಿ ಅದೇ ಚಿನ್ನದಂಥ ಭಾಗ. ಕಣಿವೆ ಕಿರಿದಾಗಿ, ನದಿ ಕೆಳಗೆಲ್ಲೋ ಸದ್ದು ಮಾಡುತ್ತಿರುತ್ತದೆ. ದಾರಿಯ ಮೇಲೆ ಲಾರ್ಚ್ ಮರದ ಸೂಜಿಯೆಲೆ ಬಿದ್ದು ಜಲ್ಲಿಯ ಕರಕರ ಸದ್ದು ಅಡಗಿಹೋಗುತ್ತದೆ. ಚಿಕ್ಕ ಚಿಕ್ಕ ಏರುಗಳು ಬರುತ್ತಲೇ ಇರುತ್ತವೆ, ಗೇರ್ ಮೊದಲೇ ಇಳಿಸಿಕೊಳ್ಳಿ. ಅಂದ ಹಾಗೆ ತಮ್ಮನಿಗೆ ಹೇಳಿ: ತ್ಸೆರ್ನೆಟ್ಸ್ ಊರು 1474 ಮೀಟರ್ ಎತ್ತರದಲ್ಲಿದೆ, ಅವನ ನಂದಿ ಬೆಟ್ಟದ ತುದಿ 1478. ಅವನು ಬೆವರು ಸುರಿಸಿ ಹತ್ತುವ ಎತ್ತರಕ್ಕೆ ಇಲ್ಲಿ ಇಳಿದುಕೊಂಡು ಬರುತ್ತಾನೆ.

ಅಸಲಿ ಏರು ಬರುವುದು ಅದಾದ ಮೇಲೆ. ಲವೀನ್ 1412 ಮೀಟರ್, ಗ್ವಾರ್ಡಾ 1653. ಹತ್ತಿದ್ದನ್ನು ಆರ್ಡೆಟ್ಸ್‌ಗೆ ಕಳೆದುಕೊಂಡು ಮತ್ತೆ ಫ್ತಾನ್‌ಗೆ ಹತ್ತಬೇಕು. "ಮೇಲಿಂದ ಕೆಳಕ್ಕೆ ತಾನೇ" ಅನ್ನುವ ಮಾತು ಅಲ್ಲಿ ನಿಲ್ಲುತ್ತದೆ. ಟೈರ್ 40 ಮಿಲಿಮೀಟರ್‌ಗಿಂತ ಸಣ್ಣದಿದ್ದರೆ ಬಾಡಿಗೆ ಅಂಗಡಿಯಲ್ಲೇ ಬೇಡ ಅನ್ನಿ.

ಇನ್ಸ್‌ಬ್ರುಕ್_ಪದ್ಮ:

ಮಲೆನಾಡಿಗರು ಗಾಳಿಯ ಬಗ್ಗೆ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಆದರೆ ಆಫೀಸಿಗೆ ಹೋಗಿ ಬರುವವರನ್ನು ಗ್ವಾರ್ಡಾ ಹತ್ತಿಸುವುದು ಯಾಕೆ? ಲವೀನ್‌ನಲ್ಲಿ ರೈಲು ಹತ್ತಿ ಆರ್ಡೆಟ್ಸ್‌ನಲ್ಲಿ ಇಳಿದರೆ ಆಯಿತು. ತಮ್ಮ ಬೇಕಿದ್ದರೆ ಹತ್ತಲಿ.

ಇನ್ನೊಂದು, ದನಗಳ ವಿಷಯ ಯಾರೂ ಹೇಳಲಿಲ್ಲ. ಬೇಸಿಗೆಯಲ್ಲಿ ದಾರಿ ಎಷ್ಟೋ ಕಡೆ ಹುಲ್ಲುಗಾವಲಿನ ಮಧ್ಯೆಯೇ ಹೋಗುತ್ತದೆ. ಕರೆಂಟ್ ತಂತಿಗೆ ಪ್ಲಾಸ್ಟಿಕ್ ಹಿಡಿ ಇರುತ್ತದೆ, ಅದನ್ನೇ ಹಿಡಿದು ಬಿಚ್ಚಿ, ದಾಟಿದ ಮೇಲೆ ಮರೆಯದೆ ಸಿಕ್ಕಿಸಿ. ಕರು ಜೊತೆಗಿರುವ ಹಸು ಊರಿನ ಗೌರಿಯಲ್ಲ. ಹತ್ತಿರ ಹೋಗಿ ಮೈದಡವಲು, ಕರುವಿನ ಫೋಟೋ ತೆಗೆಯಲು ಹೋಗಬೇಡಿ. ಸೈಕಲ್‌ನಿಂದಿಳಿದು, ದೂರದಿಂದ ಸುತ್ತಿ, ನಿಧಾನವಾಗಿ ದಾಟಿ. ಏನಾದರೂ ಹೆಚ್ಚುಕಮ್ಮಿಯಾದರೆ ಹೆಲಿಕಾಪ್ಟರ್ ರಕ್ಷಣೆಯ ನಂಬರ್ 1414, ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಊಟ: ಬಾರ್ಲಿ ಸೂಪ್ ಸಸ್ಯಾಹಾರ ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಒಣಮಾಂಸದ ಚೂರು ಇರುತ್ತದೆ. ಕಾಪುನ್ಸ್ (ಸೊಪ್ಪಿನೆಲೆಯಲ್ಲಿ ಸುತ್ತಿದ ಹಿಟ್ಟಿನ ಕಡುಬು) ಕೂಡ ಹಾಗೇ. ಪಿಟ್ಸೋಕೆಲ್ (ಬೇಯಿಸಿದ ಹಿಟ್ಟಿನ ಸಣ್ಣ ತುಂಡುಗಳು) ಅನ್ನು ಚೀಸ್, ತರಕಾರಿ ಹಾಕಿ ಕೊಡಿ ಅಂತ ಕೇಳಬಹುದು. ಜೇಬಿಗೆ ಅಕ್ರೋಟಿನ ಕೇಕ್ ಇರಲಿ, ಆ ಕಣಿವೆಯ ಬೇಕರಿಗಳಲ್ಲಿ ಸಿಗುತ್ತದೆ. ಒಂದು ತುಂಡು ತಿಂದರೆ ಒಂದು ಏರಿಗೆ ಸಾಕು. ಭಾನುವಾರ ಅಂಗಡಿ ಮುಚ್ಚಿರುತ್ತವೆ ಅನ್ನುವುದು ನಿಮಗೆ ಗೊತ್ತೇ ಇದೆ.

ಜ್ಯೂರಿಕ್_ಅಕ್ಕ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತಮ್ಮನಿಗೆ ಓದಿ ಹೇಳಿದೆ. ನಂದಿ ಬೆಟ್ಟದ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದ, ಆಮೇಲೆ "ಹಾಗಾದರೆ ಗ್ವಾರ್ಡಾ ಹತ್ತಲೇಬೇಕು" ಅಂದ. ನನಗೆ ಎರಡೇ ಪ್ರಶ್ನೆ ಉಳಿದಿವೆ. ಗ್ವಾರ್ಡಾ ಬಿಟ್ಟರೆ ನಿಜವಾಗಿ ನಷ್ಟವೇ? ಷ್ಕುವೊಲ್‌ನಿಂದ ಸೈಕಲ್ ಸಮೇತ ವಾಪಸ್ ಬರುವುದು ಹೇಗೆ?

ಚೂರ್_ಮಲೆನಾಡಿಗ:

ಪದ್ಮ ಅವರ ಮಾತು ಕಾಲಿಗೆ ಸರಿ, ಕಣ್ಣಿಗೆ ಸರಿಯಲ್ಲ. ಗ್ವಾರ್ಡಾ ಬಿಡಬೇಡಿ ಅಕ್ಕ. ತಳ್ಳಿಕೊಂಡಾದರೂ ಹತ್ತಿ, ಅವಸರ ಏನಿದೆ? ಮನೆಗಳ ಗೋಡೆಗೆ ಸುಣ್ಣದ ಪದರ ಕೆರೆದು ತೆಗೆದ ಚಿತ್ತಾರ ಇರುತ್ತದೆ. ಹತ್ತಿರ ಹೋಗಿ ಬೆರಳಾಡಿಸಿದರೆ ಕೆರೆದ ಗೆರೆಯ ತಗ್ಗು ತಿಳಿಯುತ್ತದೆ. ಊರನ್ನು ಜೋಪಾನ ಮಾಡಿದ್ದಕ್ಕೆ 1975ರಲ್ಲಿ ವಾಕರ್ ಪ್ರಶಸ್ತಿ (ಊರುಗಳಿಗೆ ಕೊಡುವ ಸ್ವಿಸ್ ಪಾರಂಪರಿಕ ಪ್ರಶಸ್ತಿ) ಬಂದಿದೆ. ಗ್ವಾರ್ಡಾದಿಂದ ಬೋಸ್ಚಾ ಎಂಬ ನಾಲ್ಕು ಮನೆಯ ಹಳ್ಳಿ ಮೂಲಕ ಆರ್ಡೆಟ್ಸ್‌ಗೆ ಹೋಗುವ ಮಣ್ಣುದಾರಿ ರೈಲು ಹತ್ತಿದವರಿಗೆ ಸಿಗುವುದಿಲ್ಲ. ರೈಲು ಬೇಕೇ ಬೇಕು ಅಂದರೆ ಆರ್ಡೆಟ್ಸ್‌ನಲ್ಲಿ ಹತ್ತಿ, ಫ್ತಾನ್ ಏರು ಬಿಡಿ. ಫ್ತಾನ್‌ನಿಂದ ಷ್ಕುವೊಲ್‌ಗೆ ಇಳಿಯುವಾಗ 400 ಮೀಟರ್ ಎತ್ತರ ಹಾಗೇ ಕರಗುತ್ತದೆ. ಬ್ರೇಕ್ ಒತ್ತಿ ಹಿಡಿದುಕೊಂಡೇ ಇಳಿದರೆ ಡಿಸ್ಕ್ ಸುಡುತ್ತದೆ, ಬಿಟ್ಟು ಬಿಟ್ಟು ಹಿಡಿಯಬೇಕು.

ಷ್ಕುವೊಲ್‌ನಲ್ಲಿ ಬೀದಿಯ ನೀರಿನ ತೊಟ್ಟಿಗೆ ಎರಡು ಕೊಳವೆ ಕಂಡರೆ, ಒಂದರಲ್ಲಿ ಮಾಮೂಲಿ ನೀರು, ಇನ್ನೊಂದರಲ್ಲಿ ಬುರುಬುರು ಅನ್ನುವ ಖನಿಜದ ನೀರು. ಕಬ್ಬಿಣದ ರುಚಿ. ಬಾಟಲಿ ತುಂಬುವ ಮೊದಲು ಒಂದು ಗುಟುಕು ಕುಡಿದು ನೋಡಿ. ತಮ್ಮನಿಗೆ ಹೇಳದೆ ತುಂಬಿಸಿಕೊಟ್ಟರೆ ಇನ್ನೂ ಮಜಾ.

ವಾಪಸ್ ಬರುವುದು ಸುಲಭ. ಷ್ಕುವೊಲ್‌ಗೆ ರೈಲು ಹಳಿ ಮುಗಿಯುತ್ತದೆ. ಅಲ್ಲಿಂದ ವೆರೈನಾ ಸುರಂಗದಲ್ಲಿ ಹಾದು ಲಾಂಡ್‌ಕ್ವಾರ್ಟ್, ಅಲ್ಲಿ ಬದಲಾಯಿಸಿ ಜ್ಯೂರಿಕ್. ಸೈಕಲ್‌ಗೆ ಬೇರೆ ಟಿಕೆಟ್ ತೆಗೆಯಬೇಕು. ಲಾಂಡ್‌ಕ್ವಾರ್ಟ್‌ನಿಂದ ಇಂಟರ್‌ಸಿಟಿ ಹತ್ತುವುದಾದರೆ ಬೇಸಿಗೆಯಲ್ಲಿ ಸೈಕಲ್ ಜಾಗವನ್ನೂ ಮೊದಲೇ ಕಾಯ್ದಿರಿಸಿ. ಭಾನುವಾರ ಸಂಜೆಯ ರೈಲು ಬೇಡ, ಸೈಕಲ್ ಕೊಕ್ಕೆಗಳೆಲ್ಲ ತುಂಬಿರುತ್ತವೆ. ಶುಕ್ರವಾರ, ಶನಿವಾರ ಓಡಿಸಿ ಶನಿವಾರ ರಾತ್ರಿಯೇ ಮನೆ ಸೇರಿಕೊಳ್ಳಿ.